ಸತ್ಯಾಂಶ: ಇಂಟರ್ನೆಟ್ ಹೋದರೆ ಸ್ಮಾರ್ಟ್ ಮನೆ ಕತ್ತಲಾಗುತ್ತದೆಯೇ?

“ಸ್ಮಾರ್ಟ್ ಬಲ್ಬ್, ಪ್ಲಗ್ ಎಲ್ಲವೂ ಕಂಪನಿಯ ಸರ್ವರ್ ಮೂಲಕವೇ ನಡೆಯುತ್ತವೆ. ಇಂಟರ್ನೆಟ್ ಹೋದರೆ ಎಲ್ಲವೂ ಬಂದ್. ವೈಫೈ ಪಾಸ್‌ವರ್ಡ್ ಗಟ್ಟಿಯಾಗಿದ್ದರೆ ಬೇರೆ ಭಯ ಬೇಡ.” ಇಂಥ ಸಂದೇಶ ನಿಮಗೂ ಬಂದಿರಬಹುದು. ಇದರಲ್ಲಿ ಅರ್ಧ ಸತ್ಯವೇ ಜಾಸ್ತಿ.

ಕೆಲವು ವೈಫೈ ಸಾಧನಗಳಿಗೆ ಕಂಪನಿಯ ಸರ್ವರ್ ಬೇಕೇ ಬೇಕು, ನಿಜ. ಆದರೆ ಜಿಗ್‌ಬೀ, ಝಡ್-ವೇವ್ ಎಂಬ ನಿಸ್ತಂತು ವಿಧಾನಗಳ ಸಾಧನಗಳು ಮನೆಯೊಳಗಿನ ಹಬ್ (ಎಲ್ಲ ಸಾಧನಗಳನ್ನು ನಿಯಂತ್ರಿಸುವ ಪುಟ್ಟ ಪೆಟ್ಟಿಗೆ) ಜೊತೆ ನೇರವಾಗಿ ರೇಡಿಯೊ ಮೂಲಕ ಮಾತಾಡುತ್ತವೆ. ಬೇರೆ ಬೇರೆ ಕಂಪನಿಗಳ ಸಾಧನಗಳು ಒಟ್ಟಿಗೆ ಕೆಲಸ ಮಾಡಲೆಂದು 2022ರಲ್ಲಿ ಬಂದ ಮ್ಯಾಟರ್ ಎಂಬ ಮಾನದಂಡ ಕೂಡ ಮನೆಯ ನೆಟ್‌ವರ್ಕ್ ಒಳಗೇ ನಡೆಯುವಂತೆ ರೂಪಿಸಿದ್ದು. ಆದರೆ ಹಬ್ ಕೂಡ ಕಂಪನಿಯ ಸರ್ವರ್ ಕೇಳದೆ ಮನೆಯಲ್ಲೇ ಲೆಕ್ಕಾಚಾರ ಮಾಡುವಂಥದ್ದಾಗಿರಬೇಕು. ಹೋಮ್ ಅಸಿಸ್ಟೆಂಟ್ ಎಂಬ ಉಚಿತ ತಂತ್ರಾಂಶ ಇದನ್ನು ಸಣ್ಣ ಕಂಪ್ಯೂಟರಿನಲ್ಲೇ ಮಾಡುತ್ತದೆ. ಪರೀಕ್ಷೆ ಸುಲಭ: ರೌಟರ್‌ಗೆ ಬರುವ ಇಂಟರ್ನೆಟ್ ಕೇಬಲ್ ಮಾತ್ರ ತೆಗೆದು, ಫೋನನ್ನು ಮನೆಯ ವೈಫೈನಲ್ಲೇ ಇಟ್ಟು ಆ್ಯಪ್‌ನಲ್ಲಿ ದೀಪ ಹಚ್ಚಿ ನೋಡಿ.

ಇನ್ನು ಪಾಸ್‌ವರ್ಡ್ ಮಾತು. ನನಗೆ ಹೆಚ್ಚು ಚಿಂತೆ ಇದರದ್ದೇ. ವೈಫೈ ಪಾಸ್‌ವರ್ಡ್ ಅಕ್ಕಪಕ್ಕದವರನ್ನು ತಡೆಯುತ್ತದೆ, ಇಂಟರ್ನೆಟ್ ಕಡೆಯಿಂದ ಬರುವವರನ್ನಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳೊಳಗೆ ನುಗ್ಗಿತು. ಅದು ಬಳಸಿದ್ದು ಕಾರ್ಖಾನೆಯಲ್ಲೇ ಇಟ್ಟ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳನ್ನು, ಅಷ್ಟೇ.

ಹಾಗಾಗಿ ಪ್ರತಿ ಸಾಧನದ ಪಾಸ್‌ವರ್ಡ್ ಮೊದಲು ಬದಲಿಸಿ. ಕ್ಯಾಮೆರಾಗಾಗಿ ರೌಟರ್‌ನಲ್ಲಿ ಪೋರ್ಟ್ (ಹೊರಗಿನಿಂದ ನೇರವಾಗಿ ಒಳಬರುವ ದಾರಿ) ತೆರೆಯಬೇಡಿ. ಹೊರಗಿನಿಂದ ನೋಡಬೇಕಾದರೆ ಮನೆಯ ನೆಟ್‌ವರ್ಕ್‌ಗೆ ಸುರಕ್ಷಿತ ದಾರಿ ಕೊಡುವ ವಿಪಿಎನ್ ಇದೆ ಅಲ್ವಾ? ಸಾಧನಗಳನ್ನು ಗೆಸ್ಟ್ ನೆಟ್‌ವರ್ಕ್‌ನಲ್ಲಿ (ಅದೇ ರೌಟರ್‌ನ ಪ್ರತ್ಯೇಕ ವೈಫೈ) ಇಟ್ಟರೆ ನಿಮ್ಮ ಫೋನ್, ಲ್ಯಾಪ್‌ಟಾಪ್‌ಗಳಿಂದ ದೂರ ಉಳಿಯುತ್ತವೆ. ಹಬ್ ಅವುಗಳನ್ನು ತಲುಪುತ್ತಿದೆಯೇ ಎಂದು ಮಾತ್ರ ನೋಡಿಕೊಳ್ಳಿ.