ವೆರ್ದಿ ಕಟ್ಟಿಸಿದ ಮನೆ, ನಮ್ಮ ಪೇಟಿ ಮಾಸ್ತರು

ನಾನು ಮಿಲಾನಿಗೆ ಬಂದು ಹನ್ನೊಂದು ವರ್ಷವಾಯಿತು. ಊರಿಂದ ಯಾರೇ ಬರಲಿ, ದುವೊಮೊ ಚರ್ಚು, ಲಾ ಸ್ಕಾಲಾ ರಂಗಮಂದಿರ ತೋರಿಸಿದ ಮೇಲೆ ಮೆಟ್ರೋ ಹತ್ತಿಸಿ ಬುವೊನರೋತಿ ಚೌಕಕ್ಕೆ ಕರೆದುಕೊಂಡು ಹೋಗುತ್ತೇನೆ. ವಯಸ್ಸಾದ ಸಂಗೀತಗಾರರಿಗೆಂದು ಇಟಲಿಯ ಹೆಸರಾಂತ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಸಂಯೋಜಕ ಜುಸೆಪ್ಪೆ ವೆರ್ದಿ ಕಟ್ಟಿಸಿದ ಮನೆ ಅಲ್ಲಿದೆ. ಈಗ ಸಂಗೀತ ಕಲಿಯುವ ಹುಡುಗ ಹುಡುಗಿಯರೂ ಹಿರಿಯರ ಜೊತೆಗೇ ಅಲ್ಲಿ ವಾಸವಿದ್ದಾರೆ. ಒಮ್ಮೆ ಅಂಗಳದ ಬೆಂಚಿನ ಮೇಲೆ ಕೂತು ಹುಡುಗಿಯೊಬ್ಬಳು ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಿದ್ದಳು. ಪಕ್ಕದಲ್ಲಿದ್ದ ಅಜ್ಜಿ ಊರುಗೋಲಿನಿಂದ ನೆಲಕ್ಕೆ ಲಯ ತಟ್ಟುತ್ತಿದ್ದರು. ಉಸಿರು ತಪ್ಪಿದ ಕಡೆ ಕೋಲು ನಿಂತುಬಿಡುತ್ತಿತ್ತು. ಹುಡುಗಿ ತುಟಿ ಕಚ್ಚಿಕೊಂಡು ಮೊದಲಿಂದ ಎತ್ತಿಕೊಳ್ಳುತ್ತಿದ್ದಳು.

ನನಗೆ ದೊಡ್ಡಪ್ಪ ನೆನಪಾದರು. ನಾಟಕ ಕಂಪನಿಯಲ್ಲಿ ಕಾಲುಪೇಟಿ ಬಾರಿಸುತ್ತಿದ್ದವರು. ಊರಿಗೆಲ್ಲ ಅವರು ‘ಪೇಟಿ ಮಾಸ್ತರು’. ಕಂಪನಿ ಮುಚ್ಚಿದ ಮೇಲೆ ಕಲಾವಿದರ ಮಾಸಾಶನ ಬಂತು. ಔಷಧಿಗೆ ಅದೇ ಆಧಾರವಾಯಿತು, ಅದನ್ನು ಮರೆಯುವುದಿಲ್ಲ. ಆದರೆ ಅರ್ಜಿ ಹಾಕುವಾಗ ಹಳೆಯ ಹ್ಯಾಂಡ್‌ಬಿಲ್ಲು, ಮಾಸಿದ ಫೋಟೋ ಹಿಡಿದು ಒಂದು ಮೇಜಿನ ಮುಂದೆ ನಿಂತು ತಾವು ಕಲಾವಿದರು ಎಂದು ರುಜುವಾತು ಮಾಡಬೇಕಾಯಿತು. ಮನೆಗೆ ಬಂದು ಹೇಳಿದ್ದು ಇಷ್ಟೇ: “ನಲವತ್ತು ವರ್ಷ ಬಾರಿಸೀನಿ ತಮ್ಮಾ. ಅಲ್ಲೊಂದು ಪೇಟಿ ಇದ್ದಿದ್ರ ಕುಂತು ಬಾರಿಸೇ ತೋರಿಸ್ತಿದ್ದೆ.”

ಮೇಜಿನ ಮುಂದೆ ನಿಲ್ಲುವುದೇನೆಂದು ವೆರ್ದಿಗೂ ಗೊತ್ತಿತ್ತು. ಹುಟ್ಟಿದ್ದು 1813ರಲ್ಲಿ, ಬುಸ್ಸೆತೊ ಬಳಿಯ ಲೆ ರೊಂಕೊಲೆ ಎಂಬ ಹಳ್ಳಿಯಲ್ಲಿ. ಅಪ್ಪ ಅಲ್ಲಿ ಖಾನಾವಳಿ ನಡೆಸುತ್ತಿದ್ದ. ಬುಸ್ಸೆತೊದ ದಿನಸಿ ವ್ಯಾಪಾರಿ ಆಂತೋನಿಯೊ ಬಾರೆಜ್ಜಿ ಹುಡುಗನನ್ನು ಕೈಹಿಡಿದು ಓದಿಸಿದ. 1832ರಲ್ಲಿ ಮಿಲಾನಿನ ಸಂಗೀತ ಶಾಲೆ ಅವನನ್ನು ಸೇರಿಸಿಕೊಳ್ಳಲಿಲ್ಲ. ವಯಸ್ಸು ಮೀರಿದೆ, ಪರರಾಜ್ಯದವನು, ಪಿಯಾನೋ ಮೇಲೆ ಕೈ ಇಡುವ ರೀತಿಯೇ ಸರಿಯಿಲ್ಲ ಎಂದರು. ಇವತ್ತು ಆ ಶಾಲೆಗೆ ಅವನದೇ ಹೆಸರು. ಬಾರೆಜ್ಜಿಯ ಮಗಳನ್ನೇ ಮದುವೆಯಾದ. 1838ರಿಂದ 1840ರೊಳಗೆ ಎರಡು ಮಕ್ಕಳು, ಹೆಂಡತಿ, ಮೂವರೂ ತೀರಿಕೊಂಡರು. ಆ 1840ರಲ್ಲೇ ಅವನ ಹಾಸ್ಯ ಒಪೆರಾ ಲಾ ಸ್ಕಾಲಾದಲ್ಲಿ ನೆಲಕಚ್ಚಿತು. 1842ರಲ್ಲಿ ‘ನಬುಕ್ಕೊ’ ಒಪೆರಾ ಗೆದ್ದ ಮೇಲೆ ಹಿಂತಿರುಗಿ ನೋಡಲಿಲ್ಲ. ‘ರಿಗೊಲೆತ್ತೊ’, ‘ಇಲ್ ತ್ರೊವತೊರೆ’, ‘ಲಾ ತ್ರವಿಯಾತ’ ಮೂರೂ 1851ರಿಂದ 1853ರ ನಡುವೆ ಬಂದವು. ‘ಫಾಲ್‌ಸ್ಟಾಫ್’ ರಂಗಕ್ಕೆ ಬಂದಾಗ ಅವನಿಗೆ 79.

ಇಷ್ಟೆಲ್ಲ ಮಾಡಿದವನು, ನನ್ನ ಕೃತಿಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಮಿಲಾನಿನ ಈ ಮನೆ ಎಂದು ಗೆಳೆಯನಿಗೆ ಪತ್ರ ಬರೆದ. ಅದೃಷ್ಟ ಒಲಿಯದ ಗಾಯಕರಿಗೆ, ಹರೆಯದಲ್ಲಿ ನಾಲ್ಕು ಕಾಸು ಉಳಿಸುವ ಬುದ್ಧಿ ಇಲ್ಲದಿದ್ದವರಿಗೆ ಈ ಮನೆ ಎಂದ. ಉಳಿಸದಿದ್ದದ್ದನ್ನು ತಪ್ಪೆಂದು ಎಣಿಸಲಿಲ್ಲ, ಅವರನ್ನು ಬಾಳಿನ ಸಂಗಾತಿಗಳೆಂದು ಕರೆದ. ಕಮಿಲ್ಲೊ ಬೊಯಿತೊ ನಕ್ಷೆ ಹಾಕಿದ ಕಟ್ಟಡ 1899ಕ್ಕೆ ಮುಗಿದರೂ ತಾನು ಸಾಯುವ ತನಕ ಬಾಗಿಲು ತೆರೆಯಬಾರದೆಂದು ವೆರ್ದಿ ಹಟ ಹಿಡಿದ. ಯಾರೂ ತನ್ನೆದುರು ಬಂದು ಕೈ ಮುಗಿಯುವುದು ಅವನಿಗೆ ಬೇಕಿರಲಿಲ್ಲ. 1901ರ ಜನವರಿ 27ರಂದು ತೀರಿಕೊಂಡ. ಮೊದಲ ನಿವಾಸಿಗಳು ಒಳಗೆ ಕಾಲಿಟ್ಟದ್ದು 1902ರ ಅಕ್ಟೋಬರ್ 10ರಂದು, ಅವನ ಹುಟ್ಟುಹಬ್ಬದ ದಿನ. ಅವರನ್ನು ಇಂದಿಗೂ ‘ಅತಿಥಿಗಳು’ ಎಂದೇ ಕರೆಯುತ್ತಾರೆ. ಒಪೆರಾಗಳ ರಾಯಲ್ಟಿಯನ್ನು ಮನೆಯ ಹೆಸರಿಗೇ ಬರೆದಿಟ್ಟಿದ್ದರಿಂದ, ಹಕ್ಕುಸ್ವಾಮ್ಯ ಮುಗಿಯುವವರೆಗೂ ದಶಕಗಳ ಕಾಲ ಹಾಡೇ ಹಾಡುಗಾರರನ್ನು ಸಾಕಿತು. ವೆರ್ದಿ ಮತ್ತು ಅವನ ಎರಡನೆಯ ಹೆಂಡತಿ, ಗಾಯಕಿ ಜುಸೆಪ್ಪಿನಾ ಸ್ಟ್ರೆಪ್ಪೊನಿ, ಇದೇ ಮನೆಯ ಆವರಣದಲ್ಲಿ ಮಣ್ಣಾಗಿದ್ದಾರೆ.

ನಮ್ಮಲ್ಲಿ ಗುರುವಿಗೆ ವಯಸ್ಸಾದರೆ ಶಿಷ್ಯರು ನೋಡಿಕೊಳ್ಳುತ್ತಾರೆ ಎನ್ನುತ್ತೇವೆ. ನಿಜ, ಅದು ನಮ್ಮ ದೊಡ್ಡ ಗುಣ. ಆದರೆ ಪೇಟಿ ಮಾಸ್ತರಿಗೆ, ತಬಲಾ ಸಾಥಿಗೆ, ಹೆಣ್ಣು ಪಾತ್ರ ಮಾಡಿ ಮಾಡಿ ಸೊಂಟ ಹೋದ ನಟನಿಗೆ ಶಿಷ್ಯರೆಲ್ಲಿ? ವರ್ಷಕ್ಕೊಮ್ಮೆ ರಾಜ್ಯೋತ್ಸವದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಡುತ್ತೇವೆ. ಇಲ್ಲಿ ನಾವು ಹೊರನಾಡ ಕನ್ನಡಿಗರು ಸೇರಿದಾಗಲೂ ಅದೇ ಶಾಲು, ಅದೇ ಹಾರ. ಶಾಲು ಹೊದ್ದವರು ಆ ರಾತ್ರಿ ಎಲ್ಲಿ ಮಲಗುತ್ತಾರೆ ಎಂದು ನಾನೂ ಯಾರನ್ನೂ ಕೇಳಿದವನಲ್ಲ.

ನಮಗಿದು ಆಗದ ಮಾತೂ ಅಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನೇ ನೋಡಿ. ಪಂಚಾಕ್ಷರಿ ಗವಾಯಿಗಳು ಕಟ್ಟಿದ್ದನ್ನು ಪುಟ್ಟರಾಜ ಗವಾಯಿಗಳು ಬೆಳೆಸಿದರು. ಕಣ್ಣಿಲ್ಲದ ಮಕ್ಕಳಿಗೆ ಅನ್ನ, ಆಸರೆ, ಸಂಗೀತ ಮೂರೂ ಒಂದೇ ಸೂರಿನಡಿ. ಆ ಖರ್ಚಿಗಾಗಿ ಅವರು ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದರು. ವೆರ್ದಿಗೆ ಒಪೆರಾದಿಂದ ಬಂದ ಹಣ ಮುದುಕರಿಗೆ ಹೋಯಿತು, ಗವಾಯಿಗಳಿಗೆ ನಾಟಕದಿಂದ ಬಂದದ್ದು ಮಕ್ಕಳಿಗೆ. ಮಕ್ಕಳಿಗೆ ಮಾಡಿ ತೋರಿಸಿದ್ದನ್ನು ವಯಸ್ಸಾದವರಿಗೂ ಮಾಡೋಣ. ಸರ್ಕಾರ ಜಾಗ ಕೊಡಲಿ, ದುಡ್ಡು ಕಂಡ ಗಾಯಕರು, ಸಿನಿಮಾದವರು ತಮ್ಮ ರಾಯಲ್ಟಿಯಲ್ಲಿ ಒಂದು ಪಾಲು ಬರೆದುಕೊಡಲಿ, ನಾವು ಹೊರಗಿನವರು ತಿಂಗಳು ತಿಂಗಳು ಇಷ್ಟೆಂದು ಕಳಿಸೋಣ. ಕಲಿಯುವ ಹುಡುಗರೂ ಅಲ್ಲೇ ಇರಲಿ. ಅಡುಗೆಮನೆಯಷ್ಟೇ ಮುಖ್ಯವಾಗಿ ಒಂದು ತಾಲೀಮಿನ ಕೋಣೆ ಇರಲಿ.

ದೊಡ್ಡಪ್ಪ ಈಗಿಲ್ಲ. ಅವರ ಕಾಲುಪೇಟಿ ಊರ ಮನೆಯ ಅಟ್ಟದ ಮೇಲಿದೆ. ತಿದಿ ಹರಿದಿದೆ, ಸ್ವರ ಇನ್ನೂ ಗಟ್ಟಿ. ತಿದಿ ಹೊಲಿಸಿ ಇಟ್ಟಿರುತ್ತೇನೆ, ಆ ಕೋಣೆಗೆ.