ನೋಡೋದೇನಿದೆ ಬಸವನಗುಡೀಲಿ?

ಹಾಸನದಿಂದ ನಮ್ಮ ಷಡ್ಡಕರು ಫೋನ್ ಮಾಡಿದ್ದರು. "ಶುಕ್ರವಾರ ಬರ್ತಿದೀವಿ ಕಣ್ರೀ, ಎರಡು ದಿನ ಇರ್ತೀವಿ. ಈ ಸಲ ಲಾಲ್‌ಬಾಗು, ವಿಧಾನಸೌಧ ಅಂತ ಸುತ್ತಿಸಬೇಡಿ, ಅವೆಲ್ಲಾ ಆಗಿದೆ. ನಿಮ್ಮ ಬಸವನಗುಡಿ ಒಂದು ನೋಡಿ ಮುಗಿಸಿಬಿಡೋಣ. ಏನೇನಿದೆ ಅಂತ ಪಟ್ಟಿ ಹಾಕಿಟ್ಟಿರಿ."

ನೋಡಿ ಮುಗಿಸುವುದು ಅವರ ಮಾತಿನ ಧಾಟಿ. ನಿವೃತ್ತರಾದ ಮೇಲೆ ಅವರು ಕಾಶಿ ಮುಗಿಸಿದ್ದಾರೆ, ಕೇರಳ ಮುಗಿಸಿದ್ದಾರೆ, ಐದೇ ದಿನದಲ್ಲಿ ಸಿಂಗಪುರ ಮಲೇಷ್ಯಾ ಎರಡನ್ನೂ ಮುಗಿಸಿ, ಆರನೇ ದಿನ ಹಾಸನದ ಸಂತೆಯಲ್ಲಿ ಸೊಪ್ಪು ಕೊಂಡಿದ್ದಾರೆ. ಅಂಥವರ ಕೈಗೆ ನನ್ನ ಬಡಾವಣೆಯನ್ನು ಒಪ್ಪಿಸಬೇಕಲ್ಲ ಎಂದು ಸ್ವಲ್ಪ ಅಳುಕಾಯಿತು. ರಾತ್ರಿ ಕೂತು ಪಟ್ಟಿ ಬರೆದೆ: ದೊಡ್ಡ ಬಸವಣ್ಣ, ದೊಡ್ಡ ಗಣಪತಿ, ಕಹಳೆ ಬಂಡೆ, ಗವಿ ಗಂಗಾಧರೇಶ್ವರ, ಕೃಷ್ಣರಾವ್ ಪಾರ್ಕು, ಗಾಂಧಿಬಜಾರು, ವಿದ್ಯಾರ್ಥಿಭವನದ ದೋಸೆ. ಪೆನ್ನು ಅಲ್ಲಿಗೆ ನಿಂತಿತು. ಮನೆಯವಳು ಕನ್ನಡಕ ಏರಿಸಿ ಓದಿ, "ಇಷ್ಟೇನಾ? ಇದಕ್ಕೆ ಎರಡು ದಿನ ಯಾಕೆ? ಹೊರಗಡೆ ನೆನೆಸಿಟ್ಟ ಬೇಳೆ ನೆನೆಯೋಷ್ಟರಲ್ಲಿ ನೋಡ್ಕೊಂಡು ಬರಬಹುದು" ಅಂದಳು.

ಲೆಕ್ಕ ಹಾಕಿದರೆ ಅವಳ ಮಾತೇ ಸರಿ. ಬಸವಣ್ಣನಿಂದ ಗಣಪತಿಗೆ ಚಪ್ಪಲಿ ಹಾಕಿಕೊಳ್ಳುವಷ್ಟೂ ದೂರವಿಲ್ಲ. ಗಣಪತಿಯಿಂದ ಬಂಡೆಗೆ ನಾಲ್ಕು ಹೆಜ್ಜೆ. ಹಾಗಿದ್ದೂ ನಲವತ್ತು ವರ್ಷದಿಂದ ಈ ನಾಲ್ಕು ರಸ್ತೆಗಳಲ್ಲಿ ನಾನು ಮಾಡಿದ್ದೇನು? ಪ್ರತಿ ಸಂಜೆ ಐದಕ್ಕೆ ಮನೆ ಬಿಟ್ಟು ಎಂಟಕ್ಕೆ ವಾಪಸಾಗುವ ನನಗೆ ಆ ಮೂರು ಗಂಟೆ ಎಲ್ಲಿ ಕರಗುತ್ತದೆ ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಬಂದಿಳಿದರು. ಮೊದಲ ಬಾಬ್ತು ದೋಸೆ. ಗಾಂಧಿಬಜಾರಿಗೆ ಕರೆದುಕೊಂಡು ಹೋದರೆ ವಿದ್ಯಾರ್ಥಿಭವನದ ಬಾಗಿಲು ಹಾಕಿದೆ. ಶುಕ್ರವಾರ ಅದಕ್ಕೆ ವಾರದ ರಜ. 1943ರಿಂದ ಇರುವ ಹೋಟೆಲು, ಕೂಗಳತೆಯಲ್ಲಿರುವ ನಾನು. ಇದನ್ನೂ ಮರೆತೆನೆಂದರೆ ವಯಸ್ಸಿನ ಮೇಲೆ ತಪ್ಪು ಹೊರಿಸದೆ ವಿಧಿಯಿರಲಿಲ್ಲ. "ಮೊದಲನೇದೇ ಬೀಗವಾ?" ಎಂದು ಷಡ್ಡಕರು ನಕ್ಕರು. ಆಟೋ ಹತ್ತಿಸಿ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿಗೆ ಕರೆದುಕೊಂಡು ಹೋದೆ. 1965ರಲ್ಲಿ ಶುರುವಾದ ಪುಟ್ಟ ಜಾಗ. ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಕಾಫಿ, ಟೀ, ಅಲ್ಲಿಗೆ ಮುಗಿಯಿತು. ಸಾಂಬಾರು ಕೇಳಬಾರದು, ಚಟ್ನಿ ಎಷ್ಟು ಕೇಳಿದರೂ ಬೇಸರವಿಲ್ಲ. ಷಡ್ಡಕರು ತಟ್ಟೆ ಹಿಡಿದು ಸುತ್ತ ನೋಡಿದರು.

"ಕೂರೋದೆಲ್ಲಿ?"

"ಇಲ್ಲಿ ನಿಂತು ತಿನ್ನೋದು."

"ಅಲ್ಲಾ, ಬರ್ತಾ ದಾರಿ ಉದ್ದಕ್ಕೂ ನೋಡ್ದೆ. ಕಟ್ಟೆ ಮೇಲೆ, ಮೆಟ್ಟಿಲ ಮೇಲೆ, ಸ್ಕೂಟರ್ ಮೇಲೆ ನಿಮ್ಮೂರೋರೆಲ್ಲಾ ಕೂತೇ ಇದಾರೆ. ತಿನ್ನೋವಾಗ ಮಾತ್ರ ನಿಲ್ತೀರಾ?"

ಇಡ್ಲಿ ಗಂಟಲಲ್ಲಿ ಒಂದು ಗಳಿಗೆ ತಡೆಯಿತು. ನನ್ನ ಮೂರು ಗಂಟೆಗಳ ಗುಟ್ಟು ಹೊರಬಿದ್ದಿತ್ತು. ನಲವತ್ತು ವರ್ಷದಿಂದ ನಾನು ಬಸವನಗುಡಿಯಲ್ಲಿ ಕೂತಿದ್ದೇನೆ!

ಈ ಬಡಾವಣೆಗೆ ಹೆಸರು ಕೊಟ್ಟ ದೇವರೇ ಕೂತಿರುವಾಗ ಒಕ್ಕಲು ನಿಲ್ಲುವುದು ಹೇಗೆ? ಹದಿನಾರನೇ ಶತಮಾನದಲ್ಲಿ ಕೆಂಪೇಗೌಡರು ಕಟ್ಟಿಸಿದರೆನ್ನುವ ಈ ಗುಡಿಯ ಬಸವ ಒಂದೇ ಕಲ್ಲಿನವನು. ಎದ್ದು ಹೊರಡುವ ಲಕ್ಷಣ ಒಂದೂ ಇಲ್ಲ. ಮೂಲದಲ್ಲಿ ಬೂದು ಬಣ್ಣದ ಕಲ್ಲು. ಎಣ್ಣೆ, ಇದ್ದಿಲು ಬಳಿದು ಬಳಿದು ಕಪ್ಪಾಗಿ ಹೊಳೆಯುತ್ತಾನೆ. ಕಥೆ ಎಲ್ಲರಿಗೂ ಗೊತ್ತಿರುವುದೇ. ಸುಂಕೇನಹಳ್ಳಿ, ಗವಿಪುರ, ಮಾವಳ್ಳಿ ಸುತ್ತಿನ ಹೊಲಗಳಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದರು. ರಾತ್ರೋರಾತ್ರಿ ಒಂದು ಗೂಳಿ ಬಂದು ಮೇಯುತ್ತಿತ್ತು. ರೈತರು ಕಾದು ಅಟ್ಟಿಸಿಕೊಂಡು ಬಂದರೆ ಅದು ಇಲ್ಲಿ ಬಂದು ಕೂತು ಕಲ್ಲಾಯಿತು. ಕಲ್ಲಾದರೂ ಬೆಳೆಯುವುದು ನಿಲ್ಲಲಿಲ್ಲ; ಕೊನೆಗೆ ತಲೆಯ ಮೇಲೆ ತ್ರಿಶೂಲ ನೆಟ್ಟು ತಡೆದರಂತೆ. ಕೂತಲ್ಲೇ ಬೆಳೆಯುವ ಈ ಕಾಯಿಲೆ ನಮ್ಮ ಬಡಾವಣೆಯ ಗಂಡಸರಲ್ಲಿ ಇವತ್ತಿಗೂ ಇದೆ. ತ್ರಿಶೂಲದ ಕೆಲಸವನ್ನು ಈಗ ಸಕ್ಕರೆ ಕಾಯಿಲೆಯ ಡಾಕ್ಟರು ಮಾಡುತ್ತಾರೆ.

ಆ ಗೂಳಿಗೆ ಕಾಣಿಕೆಯಾಗಿ ಶುರುವಾದದ್ದೇ ಕಾರ್ತಿಕದ ಕಡೇ ಸೋಮವಾರದ ಕಡಲೆಕಾಯಿ ಪರಿಷೆ. ಅವತ್ತೊಂದು ದಿನ, ಈಗೀಗ ಹಿಂದುಮುಂದಿನ ದಿನಗಳೂ ಸೇರಿ, ಬುಲ್ ಟೆಂಪಲ್ ರಸ್ತೆಯಲ್ಲಿ ಕೂರುವ ಮಾತಿಲ್ಲ. ಜನ ನಮ್ಮನ್ನು ನಡೆಸಿಕೊಂಡು ಹೋಗುತ್ತಾರೆ, ಕಾಲು ನೆಲಕ್ಕೆ ತಾಕಿದರೆ ತಾಕಿತು. ಹಸಿಕಾಯಿ, ಹುರಿದದ್ದು, ಬೇಯಿಸಿದ್ದು, ಎರಡು ಬೀಜದ್ದು, ಮೂರು ಬೀಜದ್ದು ಎಂದು ರಾಶಿ ರಾಶಿ. ರುಚಿ ನೋಡುವ ನೆಪದಲ್ಲೇ ಪಾವಿನಷ್ಟು ಹೊಟ್ಟೆಗಿಳಿಯುತ್ತದೆ. ಪರಿಷೆ ಮುಗಿದ ಬೆಳಿಗ್ಗೆ ಹೋಗಿ ನೋಡಬೇಕು. ಸಿಪ್ಪೆಯ ಮೇಲೆ ಕಾಲಿಟ್ಟರೆ ಊರೇ ಹಪ್ಪಳದ ಹಾಗೆ ಚರಗುಡುತ್ತದೆ.

ಬಸವನಗುಡಿಯವರು ಹುಟ್ಟಾ ಸೋಮಾರಿಗಳೆಂದು ಷಡ್ಡಕರು ತೀರ್ಮಾನಿಸಿಬಿಟ್ಟಾರೆಂದು ಚರಿತ್ರೆ ಹೇಳಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಗೋಡೆಗೆ ಗೋಡೆ ಅಂಟಿಕೊಂಡು ಬದುಕುತ್ತಿದ್ದವರಿಗೆ ಗಾಳಿ ಬೆಳಕಿನ ಬೆಲೆ ಆಗ ಗೊತ್ತಾಯಿತು. ಆ ಹೊತ್ತಿಗೆ ರೂಪುಗೊಳ್ಳುತ್ತಿದ್ದ ಬಡಾವಣೆಗಳು ಈ ಕಡೆ ಬಸವನಗುಡಿ, ಆ ಕಡೆ ಮಲ್ಲೇಶ್ವರ. ಅಗಲ ರಸ್ತೆ, ಸುತ್ತ ಜಾಗ ಬಿಟ್ಟು ಮನೆ, ಮನೆಯ ಹಿಂದೆ ಕನ್ಸರ್ವೆನ್ಸಿ ಓಣಿ. ಮನೆಯ ಮುಂದೆ? ಜಗಲಿ. ಎರಡು ಕಡೆ ಕಟ್ಟೆ, ನಡುವೆ ಮೆಟ್ಟಿಲು, ಕೆಂಪು ಗಾರೆ. ನಾನು ಮದುವೆಯಾದ ಹೊಸದರಲ್ಲಿ ನಮ್ಮ ರಸ್ತೆಯ ಈ ತುದಿಯಿಂದ ಆ ತುದಿಗೆ ಹೋಗಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಪ್ರತಿ ಜಗಲಿಯಲ್ಲೂ ಒಬ್ಬರು ಕೂತಿರುತ್ತಿದ್ದರು. "ಏನು ಈ ಕಡೆ?" ಎಂಬ ಪ್ರಶ್ನೆಗೆ ನಿಂತು ಉತ್ತರಿಸಿದರೆ ಅವಮರ್ಯಾದೆ.

ಈಗ ಅದೇ ರಸ್ತೆಯಲ್ಲಿ ಆರು ಜಗಲಿ ಹೋಗಿ ಆರು ಅಪಾರ್ಟ್‌ಮೆಂಟ್ ಬಂದಿವೆ. ನೆಲಮಟ್ಟದಲ್ಲಿ ಕಾರುಗಳು ಕೂರುತ್ತವೆ. ಮನುಷ್ಯರ ಪೈಕಿ ಬೀದಿಗೆ ಮುಖ ಮಾಡಿ ಕೂರುವ ಹಕ್ಕು ಉಳಿದಿರುವುದು ಒಡಿಶಾದಿಂದಲೋ ಅಸ್ಸಾಮಿನಿಂದಲೋ ಬಂದ ಸೆಕ್ಯುರಿಟಿ ಹುಡುಗನಿಗೆ, ಅದೂ ಒಂದು ಕೈ ಮುರಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಮನೆ ಮಾಲೀಕರಿಗಿಂತ ರಸ್ತೆಯ ಸುದ್ದಿ ಅವನಿಗೇ ಚೆನ್ನಾಗಿ ಗೊತ್ತು. ನಾನು ನಿಂತು ಮಾತಾಡಿಸುತ್ತೇನೆ. ನನ್ನ ಹಿಂದಿ ಕೇಳಿ ಅವನು ಬೇಗ ಕನ್ನಡ ಕಲಿತುಬಿಟ್ಟ.

ಜಗಲಿಯಿಂದ ಎದ್ದವರು ಎಲ್ಲಾದರೂ ಕೂರಲೇಬೇಕಲ್ಲ. ಪಾರ್ಕಿಗೆ ಬಂದರು. ಅಲ್ಲಿನ ಕಲ್ಲುಬೆಂಚಿನ ಬೆನ್ನಿಗೆ 'ಇಂಥವರ ಸ್ಮರಣಾರ್ಥ' ಎಂದು ಕೆತ್ತಿಸಿರುತ್ತಾರೆ. ಮೊದಮೊದಲು ಸತ್ತವರ ಹೆಸರಿಗೆ ಬೆನ್ನು ಒರಗಿಸಲು ಸಂಕೋಚವಾಗುತ್ತಿತ್ತು. ಈಗ ಬೆಂಚುಗಳಿಗೆ ಆ ಹೆಸರುಗಳೇ ವಿಳಾಸ. "ನಾನು ರಂಗಮ್ಮನ ಹತ್ರ ಇದೀನಿ, ಬನ್ನಿ" ಎಂದು ನನ್ನ ಗೆಳೆಯ ಫೋನಿನಲ್ಲಿ ಹೇಳಿದ್ದನ್ನು ಅವನ ಹೆಂಡತಿ ಒಮ್ಮೆ ಕೇಳಿಸಿಕೊಂಡು ದೊಡ್ಡ ರಾದ್ಧಾಂತವಾಗಿತ್ತು. ಕೆಲ ವರ್ಷಗಳ ಹಿಂದೆ ಅಲ್ಲಿ ವ್ಯಾಯಾಮದ ಯಂತ್ರಗಳನ್ನೂ ನೆಟ್ಟರು. ಕಾಲಲ್ಲಿ ತುಳಿಯುವುದು, ಕೈಯಲ್ಲಿ ಎಳೆಯುವುದು, ಸೊಂಟ ತಿರುಗಿಸುವುದು. ಬೆಳಿಗ್ಗೆ ಒಂದಷ್ಟು ಜನ ಶ್ರದ್ಧೆಯಿಂದ ಎಳೆದಾಡುತ್ತಾರೆ. ಸಂಜೆ ಅವುಗಳಲ್ಲಿ ಸೀಟಿರುವ ಯಂತ್ರಗಳೆಲ್ಲ ಹರಟೆಯವರ ಪಾಲು. ಇತ್ತ ಒಂದು ಅಂಗಡಿಯವರು ತಮ್ಮ ಮುಂದಿನ ಮೋಟುಗೋಡೆಗೆ, ಯಾರೂ ಕೂರದಿರಲೆಂದು, ಕಬ್ಬಿಣದ ಮೊನೆಗಳನ್ನು ಸಾಲಾಗಿ ಕೂರಿಸಿದ್ದಾರೆ. ಭೀಷ್ಮನಿಗಾದರೂ ಮಲಗಲು ಅನುಕೂಲವಿತ್ತು.

ಮಧ್ಯಾಹ್ನದ ನಿದ್ದೆಯಾದ ಮೇಲೆ ರಾಮಕೃಷ್ಣ ಆಶ್ರಮಕ್ಕೆ ಹೋದೆವು. ಅಲ್ಲಿ ಹಿಂದುಗಡೆ ಒಂದು ಬಂಡೆಯಿದೆ. 1911ರಲ್ಲಿ ಶಾರದಾದೇವಿಯವರು ಬೆಂಗಳೂರಿಗೆ ಬಂದಿದ್ದಾಗ ಆ ಬಂಡೆಯ ಮೇಲೆ ಕೂತು ಸೂರ್ಯಾಸ್ತ ನೋಡಿದ್ದರು. ಬಂಡೆಯನ್ನು ಈಗಲೂ ಭಕ್ತಿಯಿಂದ ಕಾಪಾಡಿದ್ದಾರೆ. ಷಡ್ಡಕರು ಕೈ ಮುಗಿದು, ಸುತ್ತ ಕಣ್ಣಾಡಿಸಿ, "ಇಷ್ಟೇನಾ?" ಅನ್ನಲಿಲ್ಲ. ಎರಡು ದಿನದಲ್ಲಿ ಅವರು ಆ ಮಾತು ಅನ್ನದೇ ಇದ್ದದ್ದು ಅದೇ ಮೊದಲು.

ಕೂರುವುದರಲ್ಲಿ ಮಾಸ್ತಿಯವರದು ಬೇರೆಯೇ ಶಿಸ್ತು. ಗವಿಪುರದ ಮನೆಯಿಂದ ಕೋಟು, ಪೇಟ, ಕೊಡೆ ಸಮೇತ ಹೊರಟು, ಬಸವನಗುಡಿಯ ಕ್ಲಬ್ಬಿಗೆ ನಡೆದುಕೊಂಡು ಹೋಗಿ ಇಸ್ಪೀಟಿಗೆ ಕೂರುತ್ತಿದ್ದರು. 'ಚಿಕವೀರ ರಾಜೇಂದ್ರ'ಕ್ಕೆ 1983ರ ಜ್ಞಾನಪೀಠ ಬಂದಾಗ ಅವರು ತೊಂಬತ್ತು ದಾಟಿದ್ದರು. ಅಷ್ಟು ಬರೆದವರು ಅಷ್ಟು ಆಡಿದ್ದರೆನ್ನುವುದು ನನಗೆ ಬಹಳ ಸಮಾಧಾನ ಕೊಡುವ ಸಂಗತಿ. ಅರ್ಧವನ್ನಂತೂ ನಾನೂ ಸಾಧಿಸಿದ್ದೇನೆ.

ಕೂತು ಕೇಳುವ ಜಾಗಗಳಿಗೂ ಬರವಿಲ್ಲ. 1945 ಒಂದೇ ವರ್ಷದಲ್ಲಿ ಇಲ್ಲಿ ಎರಡು ಸಂಸ್ಥೆ ಹುಟ್ಟಿದವು: ಡಿ.ವಿ.ಜಿ.ಯವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಬಿ.ಪಿ. ವಾಡಿಯಾ ಅವರ ವರ್ಲ್ಡ್ ಕಲ್ಚರ್. 1970ರಲ್ಲಿ ಊರವರು ಸನ್ಮಾನ ಮಾಡಿ ಒಂದು ಲಕ್ಷ ರೂಪಾಯಿ ಕೊಟ್ಟರೆ ಡಿ.ವಿ.ಜಿ. ಅದನ್ನು ಅಷ್ಟಕ್ಕಷ್ಟೂ ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು. ಆ ಔದಾರ್ಯದ ನೆರಳಲ್ಲಿ ನಾನು ವೇದಾಂತ ಕೇಳಿದ್ದೇನೆ, ಅರ್ಥಶಾಸ್ತ್ರ ಕೇಳಿದ್ದೇನೆ, ಫ್ಯಾನಿನ ಕೆಳಗಿನ ಕುರ್ಚಿ ಸಿಕ್ಕ ದಿನ ಏನನ್ನೂ ಕೇಳಿಲ್ಲ. ಪಕ್ಕದವರು ಮೊಣಕೈಯಿಂದ ತಿವಿದು ಚಪ್ಪಾಳೆಗೆ ಎಬ್ಬಿಸುತ್ತಾರೆ. ಮುಂದಿನ ವಾರ ಅವರ ಸರದಿ.

ಶನಿವಾರ ಬೆಳಿಗ್ಗೆ ವಿದ್ಯಾರ್ಥಿಭವನಕ್ಕೆ ಮತ್ತೆ ಹೋದೆವು. ಹೆಸರು ಬರೆಸಿ, ಪಕ್ಕದ ಅಂಗಡಿಯ ಮೆಟ್ಟಿಲ ಮೇಲೆ ಕೂತು ಕಾದೆವು. ಒಳಗೆ ಸಪ್ಲೈಯರ್ ಭುಜದಿಂದ ಅಂಗೈವರೆಗೆ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವುದನ್ನು ಷಡ್ಡಕರು ಬಾಯಿ ಬಿಟ್ಟುಕೊಂಡು ನೋಡಿದರು. ದೋಸೆ ಹೇಗಿತ್ತೆಂದು ಹೇಳುವುದಿಲ್ಲ. ಗೊತ್ತಿರುವವರಿಗೆ ಗೊತ್ತು, ಗೊತ್ತಿಲ್ಲದವರು ಶುಕ್ರವಾರ ಬಿಟ್ಟು ಬರಬೇಕು. ಆದರೆ ಅದು ಕೂರುವ ಜಾಗವಲ್ಲ. ತಿಂದು ಕಾಫಿ ಕುಡಿದ ಮೇಲೂ ಕುರ್ಚಿಯಲ್ಲಿದ್ದರೆ ಬಾಗಿಲ ಹೊರಗೆ ಕಾಯುವವರ ಕಣ್ಣು ಬೆನ್ನಿಗೆ ಚುಚ್ಚುತ್ತದೆ.

ಹತ್ತೂವರೆಗೆ ಪಟ್ಟಿ ಮುಗಿಯಿತು. ಗವಿ ಗಂಗಾಧರೇಶ್ವರನಲ್ಲಿ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬಿನ ನಡುವೆ ಹಾದು ಲಿಂಗದ ಮೇಲೆ ಬೀಳುತ್ತದೆಂದು ವಿವರಿಸಿದೆ. "ಹಾಗಾದ್ರೆ ಸಂಕ್ರಾಂತಿಗೆ ಇನ್ನೊಂದ್ಸಲ ಬರಬೇಕಾಯ್ತು" ಎಂದು ಅವರು ಗೊಣಗಿದರು. ನೋಡಿ ಮುಗಿಸುವವರಿಗೆ ಬಾಕಿ ಉಳಿದರೆ ಸಂಕಟ.

ಸಂಜೆ ಹೆಂಗಸರಿಬ್ಬರೂ ಗಾಂಧಿಬಜಾರಿನಲ್ಲಿ ಹೂವು, ಸುಬ್ಬಮ್ಮನ ಅಂಗಡಿಯಲ್ಲಿ ಹಪ್ಪಳ ಎಂದು ಹೊರಟರು. ನಾನು ಷಡ್ಡಕರನ್ನು ಕಹಳೆ ಬಂಡೆಗೆ ಕರೆದುಕೊಂಡು ಬಂದೆ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷವೆಂದು ಭೂವಿಜ್ಞಾನದವರು ಫಲಕವನ್ನೇ ಹಾಕಿಸಿದ್ದಾರೆ. ಇದೂ ಅದೇ ಕುಲದ್ದು. ಬಿಸಿಲಿಳಿದ ಮೇಲೂ ಕಲ್ಲಲ್ಲಿ ಹದವಾದ ಬಿಸಿ ಉಳಿದಿರುತ್ತದೆ, ಮಂಡಿನೋವಿಗೆ ಒಳ್ಳೆಯದು. ಮರಗಳಲ್ಲಿ ಬಾವಲಿಗಳು ತಲೆಕೆಳಗಾಗಿ ನೇತಾಡುತ್ತ ಕತ್ತಲೆಗೆ ಕಾಯುತ್ತಿರುತ್ತವೆ. ಅವರನ್ನು ಅಲ್ಲಿ ಕೂರಿಸಿ ಕಡಲೆಕಾಯಿ ತರಲು ಹೋದೆ. ಚಿಲ್ಲರೆ ಸಮಸ್ಯೆಯಲ್ಲಿ ಹತ್ತು ನಿಮಿಷ ತಡವಾಯಿತು. ವಾಪಸು ಬಂದು ನೋಡಿದರೆ ನನ್ನ ಸಂಜೆಯ ಮೂವರು ಗೆಳೆಯರ ನಡುವೆ ಅವರು ಪದ್ಮಾಸನ ಹಾಕಿದ್ದಾರೆ, ಹಾಸನದ ಆಲೂಗಡ್ಡೆ ರೇಟಿನ ಮೇಲೆ ಉಪನ್ಯಾಸ ನಡೆದಿದೆ. ನನ್ನ ಮಾಮೂಲಿ ಜಾಗ ಅವರಿಗೆ ಹೋಗಿತ್ತು. ನಾನು ಪಕ್ಕದ ಉಬ್ಬಿನ ಮೇಲೆ ಹೇಗೋ ಕೂತೆ. ಪೊಟ್ಟಣ ಕೈಯಿಂದ ಕೈಗೆ ಹೋಗಿ, ನನ್ನ ಬಳಿ ಬರುವಾಗ ಸಿಪ್ಪೆಯಾಗಿತ್ತು.

ಕತ್ತಲಾಯಿತು. ಬಾವಲಿಗಳು ಎದ್ದು ಕೆಲಸಕ್ಕೆ ಹೊರಟವು. ಹಿಂದೆ ಈ ಬಂಡೆಯ ಮೇಲೆ ನಿಂತು ಊರನ್ನು ಎಚ್ಚರಿಸಲು ಕಹಳೆ ಊದುತ್ತಿದ್ದರಂತೆ, ಆ ಹೆಸರೇ ಉಳಿದಿದೆ. ಈಗ ಗೇಟಿನ ಹತ್ತಿರದಿಂದ ವಾಚ್‌ಮನ್ ಸೀಟಿ ಊದಿದ. ಹೆಂಗಸರು ಮನೆಗೆ ಬಂದು ಕಾಯುತ್ತಿರಬಹುದೆಂದು ನಾನು ಏಳಲು ಹೊರಟೆ. ಷಡ್ಡಕರು ನನ್ನ ಶರ್ಟಿನ ತುದಿ ಹಿಡಿದು ಎಳೆದರು.

"ಕೂತ್ಕೊಳ್ರೀ. ಇದು ಮೊದಲನೇ ಸೀಟಿ. ಮೂರನೇದಕ್ಕೆ ಎದ್ರೆ ಸಾಕಂತೆ, ಇವರು ಹೇಳ್ತಿದಾರೆ."