ಬೆರಳೆಣಿಸುವ ಮಗುವನ್ನು ಗದರಬೇಡಿ

ಚಳ್ಳಕೆರೆ ತಾಲ್ಲೂಕಿನ ಶಾಲೆಯಲ್ಲಿ ಓದಿ ಈಗ ಜಪಾನಿನ ಒಸಾಕಾದಲ್ಲಿ ನೆಲೆಸಿರುವ ನನಗೆ, ಎರಡೂ ಕಡೆಯ ಗಣಿತಪಾಠದಲ್ಲಿ ಎದ್ದು ಕಾಣುವ ವ್ಯತ್ಯಾಸವೆಂದರೆ ಮಕ್ಕಳ ಕೈಗೆ ಸಿಗುವ ಮರ್ಯಾದೆ. ‘ಕೈ ಕಟ್, ಬಾಯ್ ಮುಚ್’ ಎಂಬ ಶಿಸ್ತಿನಲ್ಲಿ ಬೆಳೆದ ನಾವು, ಬೆರಳು ಮಡಿಚಿ ಎಣಿಸಿದರೆ ದಡ್ಡರೆನಿಸಿಕೊಳ್ಳುತ್ತಿದ್ದೆವು. ಇಲ್ಲಿ ಮೂರು ಮತ್ತು ನಾಲ್ಕನೇ ತರಗತಿಯ ಪಠ್ಯದಲ್ಲೇ ಸೊರೊಬಾನ್ ಎಂಬ ಮಣಿಚೌಕಟ್ಟಿನ ಪಾಠವಿದೆ. ಅದರ ಪ್ರತಿ ಕಡ್ಡಿಯಲ್ಲಿ ಅಡ್ಡಪಟ್ಟಿಯ ಮೇಲೆ ಐದರ ಬೆಲೆಯ ಒಂದು ಮಣಿ, ಕೆಳಗೆ ಒಂದೊಂದರ ಬೆಲೆಯ ನಾಲ್ಕು ಮಣಿ. ಏಳನ್ನು ತೋರಿಸಲು ಮೇಲಿನದನ್ನು ಇಳಿಸಿ ಕೆಳಗಿನ ಎರಡನ್ನು ಏರಿಸಬೇಕು. ಚೆನ್ನಾಗಿ ಪಳಗಿದವರು ಚೌಕಟ್ಟಿಲ್ಲದೆ ಮನಸ್ಸಿನಲ್ಲೇ ಲೆಕ್ಕ ಹಾಕುವಾಗಲೂ ಅವರ ಬೆರಳುಗಳು ಗಾಳಿಯಲ್ಲಿ ಮಣಿ ಸರಿಸುತ್ತಲೇ ಇರುತ್ತವೆ.

ಅಮೆರಿಕದ ಮನೋವಿಜ್ಞಾನಿ ಸೂಸನ್ ಗೋಲ್ಡಿನ್-ಮೆಡೋ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮೀಕರಣ ಕಲಿಯುವಾಗ ಕೈಸನ್ನೆ ಮಾಡಿದ ಮಕ್ಕಳು ಬರೀ ಬಾಯಲ್ಲಿ ಹೇಳಿದವರಿಗಿಂತ ಪಾಠವನ್ನು ಹೆಚ್ಚು ಕಾಲ ಉಳಿಸಿಕೊಂಡರು.

ಇದು ನಮ್ಮ ಸೀಮೆಗೆ ಹೊಸ ವಿಚಾರವೇನಲ್ಲ. ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳುಗಳ ಗೆಣ್ಣುಗಳ ಮೇಲೆ ಓಡಿಸಿ, ಒಂದೇ ಕೈಯಲ್ಲಿ ಹನ್ನೆರಡರವರೆಗೆ ಎಣಿಸುವ ಹಿರಿಯರು ಎಲ್ಲ ಊರುಗಳಲ್ಲೂ ಇದ್ದರು. ಮೊಳಕಾಲ್ಮೂರಿನ ರೇಷ್ಮೆ ನೇಕಾರರೊಬ್ಬರನ್ನು, ಅವರು ಜಗಲಿಯಲ್ಲಿ ಕುಳಿತಿದ್ದಾಗ, ಅಂಚಿನ ಬುಟ್ಟಾಕ್ಕೆ ಎಷ್ಟು ಎಳೆ ಎತ್ತಬೇಕೆಂದು ಕೇಳಿದ್ದೆ. “ಹಿಂಗ್ ಕುಂತ್ರೆ ಬರಲ್ಲಪ್ಪ, ಮಗ್ಗದಾಗೆ ಕುಂತ್ರೆ ಬರ್ತೈತೆ” ಎಂದವರು ಒಳಗೆ ಹೋಗಿ, ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ, ಹಾಸಿನ ಎಳೆಗಳ ಮೇಲೆ ಬೆರಳಾಡಿಸುತ್ತ, ಲಾಳಿ ಹೋಗಿ ಬಂದಂತೆಲ್ಲ ತಡವರಿಸದೆ ಲೆಕ್ಕ ಹೇಳಿದರು. ಆ ಲೆಕ್ಕವನ್ನು ಅವರ ತಲೆಯಿಂದ ಮಾತ್ರ ಕೇಳಿ ಪಡೆಯಲು ಸಾಧ್ಯವಿರಲಿಲ್ಲ.

ಮಗ್ಗಿ ಬಾಯಿಪಾಠವನ್ನು ನಾನು ಹೀಗಳೆಯುವುದಿಲ್ಲ. ಅದು ಕೊಟ್ಟ ವೇಗ ಇಂದಿಗೂ ನನ್ನ ಜೊತೆಗಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ, ಸರ್ಕಾರಿ ಶಾಲೆಗಳ ‘ನಲಿ-ಕಲಿ’ ಬೋಧನಾ ಪದ್ಧತಿಯು ಕಾರ್ಡು, ಆಟ, ಚಟುವಟಿಕೆಗಳಿಂದ ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳ ಕೈ ಬಿಡಿಸಿತು. ಆದರೆ ಭಿನ್ನರಾಶಿ ಗಟ್ಟಿಯಾಗಬೇಕಾದ ನಾಲ್ಕನೇ ತರಗತಿಗೆ ಬರುವ ಹೊತ್ತಿಗೆ ಅದೇ ಮಕ್ಕಳು ಮತ್ತೆ ಸಾಲಾಗಿ ಕೈಕಟ್ಟಿ ಕೂರುವುದು ನನಗೆ ಒಪ್ಪಿಗೆಯಿಲ್ಲ. ಹನ್ನೆರಡು ಶೇಂಗಾ ಬೀಜಗಳನ್ನು ಮೂರು ಪಾಲು ಮಾಡಿ ಎರಡು ಪಾಲನ್ನು ಕೈಗೆತ್ತಿಕೊಂಡ ಮಗುವಿಗೆ, ಹನ್ನೆರಡರ ಮೂರನೇ ಎರಡು ಭಾಗ ಎಂಟೆಂದು ಬೇರೆ ಹೇಳಿಕೊಡಬೇಕಿಲ್ಲ, ಮತ್ತು ಚಳ್ಳಕೆರೆ ಸೀಮೆಯ ಯಾವ ಶಾಲೆಗೂ ಒಂದು ಹಿಡಿ ಶೇಂಗಾ ಭಾರವಾಗಲಾರದು.